ಬೆಚ್ಚಗಿನ ಗೋಡೆ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ ತಂಗಿ ಕೂತಿದ್ದರು. ಅಕ್ಕ ಮೋಟಾರ್ ರಿಪೇರಿಯವಳೆಂದು ಅವಳ ತೊಡೆಯ ಮೇಲಿದ್ದ ತಾಮ್ರದ ತಂತಿಯ ಸುರುಳಿಯೇ ಹೇಳುತ್ತಿತ್ತು.

"ಈಗ ಕರೆಂಟ್ ಹೋಗೋದೇ ಇಲ್ಲ ಅಕ್ಕ. ಮೊದಲು ಹೀಟರ್ ಜೊತೆ ವಾಷಿಂಗ್ ಮಷೀನ್ ಹಾಕಿದ್ರೆ ಸಾಕು, ಬ್ರೇಕರ್ ಟಪ್ ಅಂತ ಬಿದ್ದುಬಿಡ್ತಿತ್ತು."

"ಏನು ಮಾಡಿದ್ರಿ?"

"ನಮ್ಮ ಯಜಮಾನ್ರೇ ದೊಡ್ಡ ಬ್ರೇಕರ್ ತಂದು ಹಾಕಿದ್ರು."

"ವೈರು?"

"ಹಳೇದೇ. ಗೋಡೆ ಒಡೆಸೋರು ಯಾರು?"

"ಅಯ್ಯೋ, ವೈರು ತಡೆಯೋದಕ್ಕಿಂತ ಜಾಸ್ತಿ ಕರೆಂಟ್ ಹರಿದ್ರೆ ವೈರೇ ಬಿಸಿಯಾಗುತ್ತೆ ಕಣೇ. ಅದು ಸುಡೋಕೆ ಮುಂಚೆ ಕರೆಂಟ್ ಕಡಿಯಲಿ ಅಂತಲೇ ಬ್ರೇಕರ್ ಇರೋದು. ದೊಡ್ಡದು ಹಾಕಿದ್ರೆ ಅದು ಸುಮ್ನೆ ನೋಡ್ತಾ ಕೂರುತ್ತೆ."

"ಹೆದರಿಸಬೇಡ. ಏನೂ ಆಗಿಲ್ಲ. ಅತ್ತೆ ಬೆನ್ನುನೋವು ಕೂಡ ಕಮ್ಮಿಯಾಗಿದೆ."

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

"ಅವರ ಮಂಚದ ಪಕ್ಕದ ಗೋಡೆ ಈಚೆಗೆ ಬೆಚ್ಚಗಿರುತ್ತೆ. ಅದಕ್ಕೆ ಬೆನ್ನು ಕೊಟ್ಟು ಮಲಗ್ತಾರೆ."

ಅಕ್ಕ ತಂಗಿಯ ಮೊಣಕೈ ಹಿಡಿದುಕೊಂಡಳು.

"ಈಗ ಹೀಟರ್ ಹಾಕಿದೆಯಾ?"

"ಅತ್ತೆಗೆ ಚಳಿ ಅಂತ ಹಾಕೇ ಬಂದೆ. ಮಷೀನಲ್ಲಿ ಬಟ್ಟೇನೂ ತಿರುಗ್ತಿದೆ."

"ಫೋನ್ ಮಾಡು. ಎಲ್ಲಾ ಆರಿಸಿ ಹೊರಗೆ ಬನ್ನಿ ಅನ್ನು."

ತಂಗಿ ಅತ್ತೆಗೆ ಫೋನ್ ಮಾಡಿ ಹಾಗೇ ಹೇಳಿದಳು. ಆಮೇಲೆ ಫೋನನ್ನೇ ನೋಡುತ್ತಾ ಕೂತಳು.

"ಏನಂದ್ರು?"

"ಗೋಡೆ ಇವತ್ತು ಇನ್ನೂ ಹಿತವಾಗಿದೆ, ಈಗಷ್ಟೇ ನಿದ್ದೆ ಹತ್ತಿತ್ತು ಅಂತ ಬೈದು ಇಟ್ಟುಬಿಟ್ರು."

"ನಿಲ್ಸಿ! ಬಸ್ ನಿಲ್ಸಿ!" ಅಕ್ಕ ಕೂಗಿಕೊಂಡೇ ಬಾಗಿಲಿಗೆ ನುಗ್ಗಿದಳು.

ಇಳಿಯುವಾಗ ಮೆಟ್ಟಿಲಿನಿಂದ ತಂಗಿಯ ದನಿ ಕೇಳಿತು: "ಮತ್ತೆ ಮಾಡ್ತಿದ್ದೀನಿ ಅಕ್ಕ. ರಿಂಗಾಗ್ತಿದೆ, ಎತ್ತುತ್ತಿಲ್ಲ."