ಏಳನೇ ಮಿಷನ್ನಿನ ನೀಲಿ ಚುಕ್ಕಿ

ಹೊಳಲ್ಕೆರೆಯ ಆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅಂದು ಸಂಜೆ ಆರು ಗಂಟೆಗೆ ಉಳಿದಿದ್ದವರು ಮೂವರು ವಿದ್ಯಾರ್ಥಿಗಳು ಮತ್ತು ಬೀಗದ ಕೈಗೊಂಚಲು ಹಿಡಿದ ತಿಪ್ಪಯ್ಯ. ಹೊರಗೆ ಮಳೆ, ಹೇಳದೆ ಕೇಳದೆ ಬಂದು, ಬಂದ ಮೇಲೆ ಹೋಗಲು ಮನಸ್ಸಿಲ್ಲದ ಮಳೆ. ಕರೆಂಟು ಹೋಗಿತ್ತು. ಯುಪಿಎಸ್ ಹಿಡಿದು ನಿಲ್ಲಿಸಿದ್ದ ನಾಲ್ಕಾರು ಪರದೆಗಳ ಬೆಳಕಿನಲ್ಲಿ ಮುಖಗಳಷ್ಟೇ ಕಾಣುತ್ತಿದ್ದವು.

ಸ್ವಾತಿಯ ಮುಖದಲ್ಲಿ ಅಳು ತುಟಿಯವರೆಗೆ ಬಂದು ನಿಂತಿತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ಕೊನೆಯ ವರ್ಷದ ಪ್ರಾಜೆಕ್ಟು ಅವರ ಕಣ್ಣೆದುರು ನಡೆದು ತೋರಿಸಬೇಕು, ಇಲ್ಲವಾದರೆ ಇನ್ನೊಂದು ವರ್ಷ. ಅವಳದೊಂದು ಪುಟ್ಟ ಆ್ಯಪ್: ಹಳ್ಳಿಯ ನೀರಗಂಟಿ ನಲ್ಲಿಗೆ ನೀರು ಬಿಟ್ಟ ಕೂಡಲೇ ಬೀದಿಯ ಎಲ್ಲ ಮನೆಗಳ ಫೋನಿಗೂ 'ನೀರು ಬಂತು' ಎಂದು ಸುದ್ದಿ ಮುಟ್ಟಿಸುವಂಥದು. ಬರೆದದ್ದೆಲ್ಲ ಸರಿಯಿತ್ತು. ಆದರೆ ಅದನ್ನು ಓಡಿಸಿ ನೋಡಲು ಬೇಕಾದ ಎಮ್ಯುಲೇಟರ್, ಅಂದರೆ ಕಂಪ್ಯೂಟರಿನ ಪರದೆಯೊಳಗೇ ತೆರೆದುಕೊಳ್ಳುವ ಆ ನಕಲಿ ಫೋನು, ಲ್ಯಾಬಿನ ಹದಿನೆಂಟು ಮಿಷನ್ನುಗಳ ಪೈಕಿ ಹದಿನೇಳರಲ್ಲಿ ಕಣ್ಣೇ ಬಿಡುತ್ತಿರಲಿಲ್ಲ. ಕಿಟಕಿಯ ಪಕ್ಕದ ಏಳನೆಯದರಲ್ಲಿ ಮಾತ್ರ ತೆರೆಯುತ್ತಿತ್ತು. ತೆರೆದರೂ ಅವಳ ಆ್ಯಪನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಯಾವುದೋ ಒಂದು ನಕ್ಷೆ, ನಕ್ಷೆಯ ಮೇಲೊಂದು ನೀಲಿ ಚುಕ್ಕಿ. ಅಷ್ಟೆ.

"ವೈಪ್ ಡೇಟಾ ಕೊಡು," ಎಂದ ನಿರಂಜನ್. "ಒಳಗಿರೋದೆಲ್ಲ ಅಳಿಸಿ ಹೊಸದಾಗಿ ತೆಗಿ. ಎಲ್ರೂ ಮಾಡೋದೇ ಅದು."

ಸ್ವಾತಿ ಬಾಣದ ಗುರುತನ್ನು ಅಲ್ಲಿಗೆ ಒಯ್ದಳು. ಆಗ ಬಾಗಿಲ ಬಳಿಯ ಸ್ಟೂಲು ಸದ್ದು ಮಾಡಿತು.

"ಅದನ್ನ ಒತ್ತಬ್ಯಾಡಮ್ಮ."

ತಿಪ್ಪಯ್ಯನೆಂದರೆ ಆ ಲ್ಯಾಬಿನ ಅಟೆಂಡರು. ನಿವೃತ್ತನಾಗಿ ಮೂರು ವರ್ಷವಾದರೂ ಬೀಗ ತೆಗೆಯಲು, ಹಾಕಲು ಅವನೇ ಬರುತ್ತಿದ್ದ. ಅವನು ಗಟ್ಟಿಯಾಗಿ ಮಾತಾಡಿದ್ದನ್ನು ಸ್ವಾತಿ ಈ ಮೂರು ವರ್ಷದಲ್ಲಿ ಕೇಳಿರಲಿಲ್ಲ. ಅವನು ಸ್ಟೂಲನ್ನು ಎಳೆದುಕೊಂಡು ಬಂದು ಏಳನೇ ಮಿಷನ್ನಿನ ಪಕ್ಕ ಕುಳಿತ.

"ಆರೂ ಐವತ್ತರ ತನಕ ತಡಿ. ಆಮ್ಯಾಕೆ ಅದು ನಿಂದೇ."

"ಯಾಕಜ್ಜ, ಇದರಾಗೇನು ದೆವ್ವ ಐತಾ?" ನಿರಂಜನ್ ನಕ್ಕ. "ಎಷ್ಟು ಜಿಬಿ ರ‍್ಯಾಮ್ ಬೇಕಾಗುತ್ತೆ ದೆವ್ವಕ್ಕೆ?"

"ನಿನ್ನ ತಲೇಲಿರೋದಕ್ಕಿಂತ ಜಾಸ್ತಿ ಬೇಕಪ್ಪ," ಎಂದ ತಿಪ್ಪಯ್ಯ, ನಗದೆ. "ಬಾ, ಕುಂತ್ಕ. ನೀನೂ ಬಾರಮ್ಮ ರೋಜಾ, ಅಲ್ಲಿ ಬಾಗಿಲ ಹತ್ರ ಎರಚಲು ಹೊಡಿತೈತೆ."

ಮೂವರೂ ಕುರ್ಚಿಗಳನ್ನು ತಿರುಗಿಸಿಕೊಂಡರು. ತಿಪ್ಪಯ್ಯ ಪರದೆಯ ಚುಕ್ಕಿಯ ಕಡೆ ಒಮ್ಮೆ ನೋಡಿ, ಕೈಗೊಂಚಲನ್ನು ಮಡಿಲಲ್ಲಿಟ್ಟುಕೊಂಡು, ಶುರುಮಾಡಿದ.

"ಆತಿಕಾ ಅಂತ ಒಬ್ಳು ಮೇಡಮ್ಮು ಇದ್ಲು ಕಣ್ರಮ್ಮ... ಮೇಡಮ್ಮು ಅಂದ್ರೆ ಏನು, ನಿಮಗಿಂತ ನಾಲ್ಕೈದು ವರ್ಷ ದೊಡ್ಡೋಳು ಇರಬೇಕು. ಕೊರೊನಾ ಮುಗಿದ ಮರುವರ್ಷ ಇಲ್ಲಿಗೆ ಪಾಠ ಹೇಳಾಕೆ ಬಂದ್ಲು. ಊರು ಇಲ್ಲೇ ಚಿಕ್ಕಜಾಜೂರು, ಸ್ಟೇಷನ್ ಹಿಂದಿನ ಓಣಿ. ಅಪ್ಪ ಇಲ್ಲ, ಅಮ್ಮ ಬಷೀರುನ್ನೀಸಾ ಹಾಸಿಗೆ ಹೊಲಿಯೋರು. ನಾನು ಓದಿದ್ದು ಏಳನೇ ಕ್ಲಾಸು. ಈ ಮಿಷನ್ನುಗಳ ಧೂಳು ಒರೆಸೋದು ಬಿಟ್ರೆ ನಂಗೇನು ಗೊತ್ತಿತ್ತು ಹೇಳ್ರಿ? ಆ ಹುಡುಗಿ ನನ್ನ ಪಕ್ಕದಾಗೆ ಕುಂಡ್ರಿಸ್ಕಂಡು, 'ತಿಪ್ಪಯ್ಯ ಚಾಚಾ, ಎರರ್ ಬಂದ್ರೆ ಬೈಬ್ಯಾಡ್ರಿ, ಅದು ನಮಗೇನೋ ಹೇಳಾಕೆ ಬಂದಿರುತ್ತೆ. ಕೊನೇ ಸಾಲು ನೋಡಿ ಗಾಬರಿ ಬೀಳಬ್ಯಾಡ್ರಿ, ಮೊದಲ್ನೇ ಕೆಂಪು ಸಾಲು ಓದ್ರಿ' ಅಂತ ಅಕ್ಷರ ಅಕ್ಷರ ಓದಿಸಿದ್ಲು. ನನ್ನ ಸ್ವಂತ ಮಕ್ಕಳು ನಂಗೆ ಹಂಗೆ ಕಲಿಸಿಲ್ಲ...

"ಅವಾಗಿನ್ನೂ ಈ ಮಿಷನ್ನು ಬಲು ನಿಧಾನ. ಎಮ್ಯುಲೇಟರ್ ಹಚ್ಚಿದ್ರೆ ಕಣ್ಣು ಬಿಡಾಕೆ ಇಪ್ಪತ್ತು ನಿಮಿಷ. ಅದಕ್ಕೆ ಅವಳೇನು ಮಾಡ್ತಿದ್ಲು, ಸಂಜೆ ಹೋಗುವಾಗ ಅದನ್ನ ಪೂರ್ತಿ ಆರಿಸ್ತಿರಲಿಲ್ಲ. ಎಲ್ಲಿತ್ತೋ ಅಲ್ಲೇ ನಿದ್ದೆಗೆ ಹಾಕಿ, ಹೆಂಗಿತ್ತೋ ಹಂಗೇ ಉಳಿಸಿ ಹೋಗೋಳು. ಬೆಳಗ್ಗೆ ಬಂದು ಎಬ್ಬಿಸಿದ್ರೆ ನಿನ್ನೆ ಸಂಜೆಯಿಂದಲೇ ಶುರು. ಒಂದು ಗಳಿಗೇನ ಮಡಚಿ ಇಟ್ಟಂಗೆ... ಅರ್ಥ ಆತಾ?

"ಅವಳ ಅಮ್ಮಗೆ ಒಂದು ಚಾಳಿ. ಮಗಳು ಮನೆ ಸೇರೋ ಹೊತ್ತು ಆರೂ ಐವತ್ತು. ಐವತ್ತೊಂದಾದ್ರೆ ಫೋನು. ಟೆಂಪೋದಾಗೆ ನಿಂತ್ಕಂಡು ಫೋನು ತೆಗೆಯಾಕೆ ಆಗುತ್ತಾ? ತೆಗೀಲಿಲ್ಲ ಅಂದ್ರೆ ಆ ತಾಯಿ ಅನ್ನ ಮುಟ್ತಿರಲಿಲ್ಲ. ಅದಕ್ಕೆ ಈ ಹುಡುಗಿ ಒಂದು ಆ್ಯಪ್ ಮಾಡಾಕೆ ಕುಂತ್ಲು. ಇಲ್ಲಿಂದ ಹೊರಟ್ರೆ ನಕ್ಷೆ ಮೇಲೆ ಒಂದು ನೀಲಿ ಚುಕ್ಕಿ ಹೋಗ್ತಾ ಇರುತ್ತೆ, ಮನೆ ಬಾಗಿಲಿಗೆ ಹೋದೇಟಿಗೆ ಅಮ್ಮನ ಫೋನಿಗೆ ತಾನೇ ಒಂದು ಮೆಸೇಜು: 'ಊರು ಮುಟ್ಟಿದೆ'. ಅಷ್ಟೇ ಅದರ ಕೆಲಸ.

"ಆದ್ರೆ ನಕಲಿ ಫೋನು ಕುಂತಲ್ಲೇ ಕುಂತಿರುತ್ತೆ, ನಡೆಯಲ್ಲ. ಅದಕ್ಕೆ ದಾರೀನ ನಾವೇ ಹೇಳಬೇಕು, ಒಂದೊಂದು ತಿರುವಿಗೂ ಅಕ್ಷಾಂಶ, ರೇಖಾಂಶ ಅಂತ ಎರಡೆರಡು ಅಂಕಿ ಬರ್ದು. ದಿನಾ ಟೆಂಪೋದಾಗೆ ಹೋಗ್ತಾ ಅಂಕಿ ಗುರುತು ಮಾಡ್ಕಂಡು ಬಂದು ತುಂಬೋಳು. ಒಂದು ಸಂಜೆ, ಇಂಥದೇ ಮಳೆ... ಐದೂ ನಲವತ್ತಕ್ಕೆ ಎದ್ದು ದುಪಟ್ಟಾ ತಲೆ ಮೇಲೆ ಎಳ್ಕಂಡು, 'ಚಾಚಾ, ರೈಲ್ವೆ ಗೇಟಿನ ಈಚೆ ತಿರುವಿನ ತನಕ ಆತು, ಉಳಿದಿದ್ದು ನಾಳೆ ಹಾಕ್ತೀನಿ' ಅಂದ್ಲು. ಚುಕ್ಕೀನ ಹಂಗೇ ನಿದ್ದೆಗೆ ಹಾಕಿ ಹೋದ್ಲು."

ತಿಪ್ಪಯ್ಯ ಮಡಿಲ ಕೈಗೊಂಚಲನ್ನು ಒಮ್ಮೆ ತಿರುವಿ ಹಾಕಿದ.

"ಆ ತಿರುವಿನಾಗೇ ಟೆಂಪೋ ಮಗುಚ್ತು."

ರೋಜಾ ಸ್ವಾತಿಯ ತೋಳನ್ನು ಹಿಡಿದುಕೊಂಡಳು.

"ಮಿಕ್ಕೋರಿಗೆಲ್ಲ ಗಾಯ. ಅವಳೊಬ್ಳೇ... ಇರ್ಲಿ. ಹದಿನೈದು ದಿನ ಈ ಮಿಷನ್ನನ್ನ ಯಾರೂ ಮುಟ್ಟಲಿಲ್ಲ. ಆಮೇಲೆ ಶ್ರೀನಿವಾಸ್ ಸರ್ ಅಂತ ಬಂದ್ರು, ಹೊಸ ಮೇಷ್ಟ್ರು. ಹಚ್ಚಿದ್ರು. ಚುಕ್ಕಿ ಎದ್ದು ಹೊರಡ್ತು, ಬಸ್ ಸ್ಟ್ಯಾಂಡು ದಾಟ್ತು, ಊರು ದಾಟ್ತು, ಆ ತಿರುವಿಗೆ ಹೋಯ್ತು... ನಿಂತ್ಕಂಡ್ತು. ಪರದೆ ತುಂಬ ಕೆಂಪು ಸಾಲು. ಸರ್ರು ಇವಾಗ ನೀನು ಒತ್ತಾಕೆ ಹೋದ್ಯಲ್ಲ ಸ್ವಾತಿ, ಅದನ್ನ ಒತ್ತಿದ್ರು. ಎಲ್ಲ ಅಳಿಸಿಹೋಯ್ತು. ಮಾರನೇ ದಿನ ಸಂಜೆ ಐದೂ ನಲವತ್ತಕ್ಕೆ ಮತ್ತೆ ಅದೇ ಚುಕ್ಕಿ. 'ಎಲ್ಲೋ ಹಳೇ ಪ್ರತಿ ಉಳಿದೈತೆ' ಅಂದ್ರು. ಎಮ್ಯುಲೇಟರನ್ನೇ ಕಿತ್ತು ಹೊಸದು ತಂದು ಹಾಕಿದ್ರು. ಮತ್ತೆ ಅದೇ. ಮಿಷನ್ನಿನ ಒಳಗಿರೋ ಡಿಸ್ಕನ್ನೇ ಬದಲಾಯಿಸಿದ್ರು... ಮೂರು ದಿನ ಸುಮ್ಮನಿತ್ತು. ನಾಲ್ಕನೇ ದಿನ ಚುಕ್ಕಿ ಮತ್ತೆ ಬಂತು. ಸರ್ರು ನನ್ನ ಹೊರಗೆ ಕರ್ದು, 'ತಿಪ್ಪಯ್ಯ, ಸಂಜೆ ಹೊತ್ತು ಆ ಮಿಷನ್ನು ನೀನೇ ನೋಡ್ಕಳಪ್ಪ' ಅಂದ್ರು. ಓದಿದೋರು ಹಂಗಂದ್ರೆ ಏನರ್ಥ ಹೇಳ್ರಿ?

"ನಲವತ್ತನೇ ದಿನದ ಫಾತೆಹಾ ಪ್ರಾರ್ಥನೆ ಮುಗಿಸಿ ಅವಳಮ್ಮ ಬಂದ್ರು. ಮಗಳ ಟಿಫನ್ ಬಾಕ್ಸು, ನೋಟ್‌ಬುಕ್ಕು ಇಲ್ಲೇ ಇತ್ತಲ್ಲ, ಒಯ್ಯಾಕೆ. ಬಂದಿದ್ದು ಆರು ಗಂಟೆಗೆ. ನಾನು ಮುಚ್ಚಬೇಕು ಅನ್ನೋದ್ರಾಗೆ ನೋಡೇಬಿಟ್ರು. ಇದೇನು ಅಂದ್ರು. ಸುಳ್ಳು ಹೇಳಾಕೆ ನಾಲಿಗೆ ಏಳಲಿಲ್ಲ. ಇಲ್ಲೇ, ಸ್ವಾತಿ ನೀನು ಕುಂತಿದ್ಯಲ್ಲ ಅದೇ ಕುರ್ಚಿ ಮೇಲೆ ಕುಂತ್ರು. ಅಳಲಿಲ್ಲ ಕಣಮ್ಮ. ಚುಕ್ಕಿ ತಿರುವಿನಾಗೆ ನಿಂತಾಗ, 'ಇಷ್ಟು ದೂರ ಬಂದವಳೆ, ಮುಂದಕ್ಯಾಕೆ ಬರವಲ್ಲಳು ತಿಪ್ಪಯ್ಯಣ್ಣ?' ಅಂದ್ರು.

"ಅವಾಗ ನಂಗೆ ನೆನಪಾತು... ಮೊದಲ್ನೇ ಕೆಂಪು ಸಾಲು. ಇಷ್ಟು ದಿನ ಎಲ್ರೂ ಅಳಿಸಾಕೆ ನೋಡಿದ್ವಿ, ಒಬ್ರಾದ್ರೂ ಅದನ್ನ ಓದಿದ್ವಾ? ಕನ್ನಡಕ ಹಾಕ್ಕಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮುಂದಿನ ಜಾಗ ಇಲ್ಲ, ಅಂತಿತ್ತು. ಅಷ್ಟೇ. ಅದಕ್ಕೆ ದಾರಿ ಗೊತ್ತಿರಲಿಲ್ಲ. ಬರೀತೀನಿ ಅಂದೋಳು ಬರೀಲಿಲ್ಲವಲ್ಲ.

"ಮಾರನೇ ದಿನ ರಜೆ ಹಾಕಿ ನಮ್ಮ ಹುಡುಗನ ದೊಡ್ಡ ಫೋನು ಇಸ್ಕಂಡು ಹೋದೆ. ಆ ತಿರುವಿನಿಂದ ಅವರ ಮನೆ ಮೆಟ್ಟಿಲ ತನಕ ನಡೆದೆ. ಗೇಟು, ಹುಣಸೇ ಮರ, ಸ್ಟೇಷನ್ನು, ಓಣಿ. ಒಂದೊಂದು ತಿರುವಿಗೂ ನಿಂತು ಎರಡೆರಡು ಅಂಕಿ ಅವಳ ನೋಟ್‌ಬುಕ್ಕಿನಾಗೆ, ಅವಳ ಅಕ್ಷರದ ಕೆಳಗೇ ಬರ್ಕಂಡೆ. ಮೂವತ್ತೊಂದು ಸಾಲು. ಸಂಜೆ ಇಲ್ಲಿ ಕುಂತು ತುಂಬಿದೆ, ಬಷೀರಮ್ಮ ಪಕ್ಕದಾಗೆ. ಚುಕ್ಕಿ ತಿರುವಿಗೆ ಬಂತು. ದಾಟ್ತು... ಮಾಯ!

"ಎಲ್ಲಿ ಹೋಯ್ತು ಗೊತ್ತಾ? ನಕ್ಷೆ ಎಳೆದೆ, ಎಳೆದೆ, ಮೇಲಕ್ಕೆ, ಮೇಲಕ್ಕೆ... ಭೂಮಿ ನೆತ್ತಿ ಹತ್ರ ಹಿಮದ ಸಮುದ್ರ ಐತಲ್ಲ, ಅದರ ನಡುಮಧ್ಯೆ ಒಂದೇ ಒಂದು ನೀಲಿ ಚುಕ್ಕಿ. ನಮ್ಮೂರ ಕಡೆ ಅಂಕಿ ಮೊದಲು ಹದಿನಾಲ್ಕು ಚಿಲ್ಲರೆ ಬರಬೇಕು, ಆಮೇಲೆ ಎಪ್ಪತ್ತಾರು ಚಿಲ್ಲರೆ. ನಾನು ಮುದುಕ, ಹಿಂದುಮುಂದು ಮಾಡಿದ್ದೆ. ಬಷೀರಮ್ಮ ಅದೇನು ಬೆಳ್ಳಗೆ ಅಂದ್ರು. ಹಿಮ ಅಂದೆ. ಆ ತಾಯಿ ನನ್ನ ಕೈ ಹಿಡ್ಕಂಡು ಏನಂದ್ರು ಗೊತ್ತೇನ್ರಮ್ಮ... 'ಬೇಗ ಕರ್ಕಳ್ರಿ ಅಣ್ಣ. ನಮ್ಮ ಬಚ್ಚಿಗೆ ಚಳಿ ತಡಿಯಲ್ಲ.'"

ಸ್ವಾತಿಗೆ ತನ್ನ ಅಳು ಯಾವಾಗ ಎಲ್ಲಿ ಕರಗಿತೋ ತಿಳಿಯಲಿಲ್ಲ. ಈಗ ಕಣ್ಣಲ್ಲಿದ್ದುದು ಬೇರೆಯದು. ಅವಳು ಪರದೆಯತ್ತ ತಿರುಗಿದಳು. ತಾನು ಕೆಟ್ಟು ನಿಂತಿದೆಯೆಂದು ತಿಳಿದಿದ್ದ ಚುಕ್ಕಿ ನಿಂತಿರಲಿಲ್ಲ. ಕಥೆ ಶುರುವಾದಾಗ ಊರಿನ ಅಂಚಿನಲ್ಲಿದ್ದದ್ದು ಈಗ ರೈಲ್ವೆ ಗೇಟಿನ ಬಳಿ ಬಂದಿತ್ತು. ಗೇಟಿನ ಈಚೆ, ಯಾರಿಗೋ ದಾರಿ ಬಿಟ್ಟಂತೆ, ಕಾಯುತ್ತಿತ್ತು.

"ಗೇಟಿನಾಗೆ ನಿಲ್ಲು ಅಂತ ನಾನು ಬರೆದಿಲ್ಲಮ್ಮ," ಎಂದ ತಿಪ್ಪಯ್ಯ, ಅವಳ ನೋಟ ಹಿಡಿದು. "ಅವತ್ತೂ ನಿಂತ್ಕಂಡ್ತು. ರೈಲು ಹೋಗಬೇಕಲ್ಲ. ಎರಡೂ ಅಂಕೀನ ಅದಲು ಬದಲು ಮಾಡಿ, ಮೂವತ್ತೊಂದು ಸಾಲೂ ತಿದ್ದಿ, ಮತ್ತೆ ಇಲ್ಲಿಂದ ಹೊರಡಿಸಿದ್ವಿ. ತಿರುವು ದಾಟ್ತು. ಗೇಟು ದಾಟ್ತು. ಬಷೀರಮ್ಮ ಬಾಯಿ ಬಿಟ್ಟು ಹೇಳ್ತಿದ್ರು, 'ಇದು ಹುಣಸೇ ಮರ... ಇದು ಬೇಕರಿ... ಇವಾಗ ಚಪ್ಪಲಿ ಬಿಡ್ತಾಳೆ.' ಚುಕ್ಕಿ ಮನೆ ಮೇಲೆ ನಿಂತ್ಕಂಡ್ತು. ಬಷೀರಮ್ಮನ ಚೀಲದಾಗೆ ಅವರ ಬಟನ್ ಫೋನು ಕುಂಯ್ ಅಂತು. ತೆಗೆದು ನಂಗೆ ಕೊಟ್ರು, ಅವರಿಗೆ ಓದಾಕೆ ಬರ್ತಿರಲಿಲ್ಲ. 'ಊರು ಮುಟ್ಟಿದೆ. ನೀನು ಉಣ್ಣಮ್ಮ.'

"ಆ್ಯಪಿನಾಗೆ ಅವಳು ಬರೆದಿದ್ದು 'ಊರು ಮುಟ್ಟಿದೆ' ಅಂತ ಎರಡೇ ಮಾತು. ಎರಡನೇ ಸಾಲು ಯಾರು ಬರೆದ್ರು? ಶ್ರೀನಿವಾಸ್ ಸರ್ನ ಕೇಳಿದೆ. ನಕಲಿ ಫೋನಿನ ಮೆಸೇಜು ಈ ಮಿಷನ್ನು ಬಿಟ್ಟು ಹೊರಗೆ ಹೋಗಾಕೆ ಸಾಧ್ಯನೇ ಇಲ್ಲ ಅಂದ್ರು. ಮೆಸೇಜು ತೋರಿಸಿದೆ. ಬಹಳ ಹೊತ್ತು ನೋಡಿದ್ರು. ಮುಂದಿನ ವರ್ಷ ಬೇರೆ ಊರಿಗೆ ಹೋದ್ರು...

"ಅವತ್ತಿನಿಂದ ದಿನಾ ಸಂಜೆ ಆರೂ ಐವತ್ತಕ್ಕೆ ಆ ತಾಯಿ ಫೋನಿಗೆ ಮೆಸೇಜು ಬರೋದು. ಬಂದ ಮೇಲೆ ಅವರು ಉಣ್ಣೋರು. ಎರಡು ವರ್ಷದ ಹಿಂದೆ ಅವರೂ ಹೋದ್ರು. ಹೋಗೋಕೆ ಮುಂಚೆ ನನ್ನ ಕರೆಸಿ ಆ ಫೋನು ಕೈಗಿಟ್ಟು, 'ಹುಡುಗಿ ಬಂದಾಗ ಯಾರಾದ್ರೂ ಎಚ್ಚರ ಇರಬೇಕು ಅಣ್ಣ' ಅಂದ್ರು. ಅದಕ್ಕೇ ಈ ಹೊತ್ತಿನಾಗೆ ಏಳನೇ ಮಿಷನ್ನು ಬಿಟ್ಟುಕೊಡಬೇಕು ನಾವು. ಮನೆ ಸೇರೋ ತನಕ. ಅಷ್ಟೇ."

"ಕತೆ ಚೆನ್ನಾಗೈತೆ ಅಜ್ಜ," ಎಂದ ನಿರಂಜನ್. ದನಿ ಅವನದೇ ಆಗಿದ್ದರೂ ನಗು ಅದರ ಜೊತೆ ಬಂದಿರಲಿಲ್ಲ.

ದೂರದಲ್ಲಿ ರೈಲೊಂದು ಕೂಗಿ ಹೋಯಿತು. ಪರದೆಯ ಮೇಲೆ ಚುಕ್ಕಿ ಗೇಟು ದಾಟಿತು. ನಾಲ್ವರೂ ನೋಡುತ್ತಿದ್ದರು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹುಣಸೇ ಮರವಿರಬಹುದಾದ ಕಡೆ ಸ್ವಲ್ಪ ನಿಧಾನಿಸಿ, ಸ್ಟೇಷನ್ನಿನ ಹಿಂದೆ ಓಣಿಗೆ ಹೊರಳಿ, ಮನೆಯೊಂದರ ಮೇಲೆ ಬಂದು ನಿಂತು, ಒಮ್ಮೆ ಮಿನುಗಿ ಆರಿತು. ನಕ್ಷೆ ಮುಚ್ಚಿಕೊಂಡಿತು. ತಿಳಿಯಾದ, ಖಾಲಿಯಾದ, ಹೊಸ ಫೋನಿನ ಪರದೆ. ಅದರ ಮೇಲೆ, ಅಷ್ಟು ಹೊತ್ತಿನಿಂದ ಒಳಗೆ ಬರಲಾರದೆ ಹೊರಗೇ ನಿಂತಿದ್ದ ಸ್ವಾತಿಯ ಆ್ಯಪ್ ತಾನಾಗಿ ಬಂದು ತೆರೆದುಕೊಂಡಿತು: ನೀರು ಬಂತು.

ತಿಪ್ಪಯ್ಯನ ಅಂಗಿಯ ಜೇಬಿನಲ್ಲಿ ಕುಂಯ್ ಎಂದಿತು.

ಅವನು ಸವೆದ ಬಟನ್ ಫೋನನ್ನು ತೆಗೆದು, ತಾನು ನೋಡದೆ, ಸ್ವಾತಿಯ ಕೈಗೆ ಕೊಟ್ಟ. "ಕನ್ನಡಕ ಮನೆಯಾಗೈತೆ. ಓದಮ್ಮ."

ಕಳಿಸಿದವರ ಜಾಗದಲ್ಲಿ ಬರೀ ನಾಲ್ಕಂಕಿ, ಎಮ್ಯುಲೇಟರಿನ ನಕಲಿ ಫೋನಿಗೆ ಇರುವಂಥ ನಂಬರು. ಕೆಳಗೆ ಎರಡು ಸಾಲು. ಸ್ವಾತಿ ಓದಿದಳು, ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು.

"'ಊರು ಮುಟ್ಟಿದೆ ಚಾಚಾ. ಮಳೆ ಜೋರೈತೆ, ಆ ಹುಡುಗೀನ ಬೇಗ ಕಳಿಸ್ರಿ, ಮನೆಯಾಗೆ ಕಾಯ್ತಿರ್ತಾರೆ.'"

"ನೋಡು, ಹೇಳಿದ್ನಲ್ಲ," ಎಂದು ತಿಪ್ಪಯ್ಯ ಎದ್ದು ಕೈಗೊಂಚಲು ಹುಡುಕಿದ. "ಬೇಗ ಮುಗಿಸ್ಕ. ಹೋಗಾಣ."

ಸ್ವಾತಿ ಫೋನನ್ನು ಹಿಂದಕ್ಕೆ ಕೊಡುವಾಗ ಕೇಳಬಾರದಿದ್ದುದನ್ನು ಕೇಳಿದಳು. "ಅಜ್ಜ, ಇದರಾಗೆ ಯಾವ ಸಿಮ್ಮು ಐತೆ? ಇಲ್ಲಿ ಟವರೇ ಸಿಗಲ್ಲವಲ್ಲ ಮಳೆ ಬಂದ್ರೆ?"

ತಿಪ್ಪಯ್ಯ ಫೋನಿನ ಬೆನ್ನಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ಪರದೆಯ ಬೆಳಕಿಗೆ ಹಿಡಿದ. ಸಿಮ್ಮಿನ ಜಾಗ ಖಾಲಿಯಿತ್ತು. ಅಲ್ಲಿ ಒಂದಿಷ್ಟು ಧೂಳು, ಅಷ್ಟೆ.

"ಚಾರ್ಜು ಮಾತ್ರ ನಾನು ಹಾಕ್ತೀನಮ್ಮ," ಎಂದ ಅವನು, ಮುಚ್ಚಳವನ್ನು ಮೆಲ್ಲಗೆ ಕೂರಿಸುತ್ತ. "ಸಿಮ್ಮು ತೆಗೆದು ಎರಡು ವರ್ಷ ಆತು."