ಡಿಸ್‌ಪ್ಲೇ ಮಾತ್ರ ಬದಲಾಯಿಸಿದ್ದು

...ಇಲ್ಲ ಕಣಣ್ಣ, ಇಲ್ಲ ಖದೀರಣ್ಣ, ನಾ ಯೋಳೋದ್ನ ಪೂರ್ತಿ ಕೇಳು ಮದ್ಲು. ಕಂಪ್ಲೇಂಟು ಗಿಂಪ್ಲೇಂಟು ಬ್ಯಾಡ. ಮೈಸೂರ್ಗೋಗಿ ಪೊಲೀಸ್ರ ಮುಂದೆ ಕೂತ್ಕಂಡು ಏನಂತ ಬರ್ಸ್ತೀಯ? ನನ್ ಮಗಳ ಫೋಟೋ ಈ ಹ್ಯಾಂಡ್‌ಪೋಸ್ಟ್ ಊರ್ ತುಂಬ ಓಡಾಡ್ತಾ ಅದೆ ಅಂತ್ಲಾ? ಗೊತ್ತಿಲ್ದೋರ್ಗೂ ಗೊತ್ತಾಯ್ತದೆ, ಅಷ್ಟೇಯ! ಆ ಮಗೂನ ಕೂರಿಸ್ಕಂಡು ಏನೇನ್ ಕೇಳ್ತಾರೋ ಏನೋ... ಹ್ಞಾ, ನೀ ಹೊಲಿ, ಹೊಲಿ. ಮಿಷನ್ ನಿಲ್ಲಿಸ್ಬ್ಯಾಡ. ಆ ಬೈಕ್ ಸೀಟು ಇವತ್ತೇ ಕೊಡ್ಬೇಕಲ್ವಾ? ನಾ ಇಲ್ಲೇ ಈ ಸ್ಪಂಜಿನ್ ಮೇಲೆ ಕುಂತ್ಕತೀನಿ.

ಟೀ ಯೋಳ್ಲಾ? ಬ್ಯಾಡ್ವಾ? ಬುಡು.

ನೋಡಣ್ಣ, ಈ ವಿರೂಪಾಕ್ಷ ಬೇರೆಯೋನಾ ನಿಂಗೆ? ನಿನ್ ಕುಷನ್ ಅಂಗ್ಡಿಗೂ ನನ್ ಮೊಬೈಲ್ ಅಂಗ್ಡಿಗೂ ಮಧ್ಯ ಇರೋದು ಒಂದೇ ಗೋಡೆ. ಅಂಗ್ಡಿ ತೆಗ್ದಾಗ ಕುಂತ್ಕಳಕೆ ಸ್ಟೂಲ್ ಕೊಟ್ಟೋನು ನೀನು. ಭಾಬಿ ತೀರ್ಕಂಡ ದಿನ ನಾನೂ ಬಾಗ್ಲಾಕಿ ನಿನ್ ಜೊತೆ ನಿಂತಿದ್ದೆ. ಜೀನತ್ ನಂಗೂ ಮಗಳಿದ್ದಂಗೇಯ. ಅದ್ಕೇ ಬಂದು ಬಾಯಿ ಬಡ್ಕತಿರೋದು. ಇಲ್ದಿದ್ರೆ ನಂಗೇನ್ ಬಂದಿತ್ತು?

ಗೊತ್ತು, ಗೊತ್ತು. ಪಿರಿಯಾಪಟ್ಣದೋರು ಸಂಬಂಧ ಬ್ಯಾಡ ಅಂದವ್ರೆ. ಮಗು ಕಾಲೇಜ್ ಬುಟ್ಟದೆ. ಊಟ ಬುಟ್ಟದೆ. ಕರುಳು ಕಿತ್ಕಂಡ್ ಬತ್ತದೆ ಕಣಣ್ಣ, ನಂಗೂ... ಆದ್ರೆ ಸ್ವಲ್ಪ ಯೋಚ್ನೆ ಮಾಡು. ಆ ಫೋಟೋದಲ್ಲಿ ಏನದೆ? ಬರೀ ಮುಖ. ಬಿಚ್ಚಿದ್ ಕೂದ್ಲು. ಗದ್ದದಿಂದ ಕೆಳೀಕೆ ಏನೂ ಕಾಣಾಕಿಲ್ಲ, ಕತ್ತರಿಸಿ ಹಾಕವ್ರೆ. ಯಾವನೋ ಬೇವರ್ಸಿ ಅದ್ರ ಕೆಳ್ಗೆ ಆ ಕೊಳಕ್ ಮಾತು ಬರ್ದು, ಮಗು ನಂಬರ್ ಹಾಕಿ, ಗ್ರೂಪ್ಗೆ ಬುಟ್ಟವ್ನೆ. ಒಂದ್ ಗ್ರೂಪಿಂದ ಇನ್ನೊಂದು... ಈಗ ಯಾವನ್ನ ಅಂತ ಹಿಡೀತೀಯ ನೀನು? ಹೊಗೆ ಹಿಡ್ದಂಗೆ!

ತಪ್ಪು ಈ ಫೋನಿಂದು ಕಣಣ್ಣ. ನಾ ಇದ್ರಲ್ಲೇ ಅನ್ನ ತಿನ್ನೋನು, ನಾನೇ ಯೋಳ್ತೀನಿ. ಗುಂಡಿ ಫೋನ್ ಇದ್ದಾಗ ಎಷ್ಟು ನೆಮ್ದಿ ಇತ್ತು! ಹಲೋ ಅಂದ್ರೆ ಹಲೋ. ಈಗ? ಮೊನ್ನೆ ನಮ್ಮನೇಲಿ ಕುಕ್ಕರ್ ಕೆಟ್ಟೋಯ್ತು ಅಂತ ಬಾಯಲ್ಲಿ ಅಂದೆ ನೋಡು, ಬರೀ ಬಾಯಲ್ಲಿ... ಮೊಬೈಲ್ ತೆಗುದ್ರೆ ಕುಕ್ಕರೋ ಕುಕ್ಕರು! ಕೇಳಿಸ್ಕತಾ ಕುಂತದೆ ಮುಂಡೇದು. ಟಾರ್ಚ್ ಆಪ್ ಹಾಕ್ಕಂಡ್ರೆ ಫೋಟೋ ನೋಡ್ಲಾ ಅಂತ ಕೇಳ್ತದೆ. ದೀಪ ಹತ್ಸಕೆ ನಮ್ಮನೆ ಫೋಟೋ ಯಾಕ್ಲಾ ನಿಂಗೆ? ನಾವೂ ಓದ್ದಲೇಯ ಒಪ್ಗೆ, ಒಪ್ಗೆ ಅಂತ ಒತ್ತದೇಯ...

ಯಾಕಣ್ಣ ನಗ್ತೀಯ? ಸುಳ್ಳಾ? ಕೊಪ್ಪದಲ್ಲಿ ಒಂದ್ ಹಳೇ ಫೋನ್ ತಗಂಡ್ಬಂದಿದ್ದೆ. ತೆಗ್ದು ನೋಡ್ತೀನಿ, ಯಾರ್ದೋ ಮನೆ ಮದ್ವೆ, ಬಾಣಂತಿ, ಕೂಸು, ಆಸ್ಪತ್ರೆ ಚೀಟಿ... ಇಡೀ ಸಂಸಾರ ಅದ್ರೊಳ್ಗೇ ಕುಂತದೆ! ಅಳಿಸ್ದಲೇ ಮಾರವ್ನೆ ಪುಣ್ಯಾತ್ಮ. ನೀನ್ ಇಲ್ಲಿ ಒಂದ್ ಫೋಟೋ ತೆಗುದ್ರೆ ಅದು ಇನ್ನೆಲ್ಲೋ ಓಗಿ ಕುಂತ್ಕತದೆ, ಕ್ಲೌಡು ಅಂದ್ರೆ ಮೋಡ ಅಂತೆ, ಯಾವ ಮೋಡವೋ! ಅಲ್ಲಿಂದ ಯಾರ್ ಕದ್ರೋ, ಯಾವ್ ದೇಶದೋನೋ. ಅಂಗಿರುವಾಗ ಊರಲ್ಲಿ ಯಾರ್ ಮೇಲೆ ಅನುಮಾನ ಪಡ್ತೀಯ?

...ಯಾಕಂಗ್ ನೋಡ್ತೀಯ?

ಓ. ನನ್ ಅಂಗ್ಡಿಗೆ ರಿಪೇರಿಗೆ ಬಂದಿತ್ತಲ್ಲ ಅಂತ್ಲಾ? ಅನ್ನು, ಬಾಯ್ಬುಟ್ಟೇ ಅನ್ನು. ಬೇಜಾರಿಲ್ಲ. ಬಂದಿತ್ತಪ್ಪ. ಮಗು ಕೈ ಜಾರಿ ಬೀಳ್ಸಿತ್ತು, ಡಿಸ್‌ಪ್ಲೇ ಒಡ್ದೋಗಿತ್ತು. ಹೊಸಾದ್ ಹಾಕ್ದೆ. ಪರ್ದೆ ಬೆಳಗ್ತಾ? ಬೆಳಗ್ತು. ಕೊಟ್ಟೆ. ಮುಗೀತು! ಲಾಕ್ ಯಾವ್ದು ಅಂತ ಕೂಡ ಕೇಳ್ಲಿಲ್ಲ ನಾನು. ಬೆಟ್ಟದಪುರದ ಮಲ್ಲಿಕಾರ್ಜುನನಾಣೆ, ಒಳೀಕೆ ಓಗ್ಲೇ ಇಲ್ಲ. ಇನ್ನೊಬ್ರ ಮನೆ ಹೆಣ್‌ಮಗು ಫೋನಲ್ಲಿ ನಂಗೇನ್ ಕೆಲ್ಸ?

ಹ್ಞೂ... ಹೊಲಿ, ಹೊಲಿ.

ಸ್ವಲ್ಪ ದಿನ ಕಳೀಲಿ ಬುಡಣ್ಣ. ಜನ ಮರ್ತೋಯ್ತಾರೆ. ನಂಬರ್ ಬದಲಾಯಿಸ್ಕೊಡ್ತೀನಿ, ನಾನೇ ಹೊಸ ಸಿಮ್ ಹಾಕ್ಕೊಡ್ತೀನಿ. ಕೆ.ಆರ್. ನಗರದಲ್ಲಿ ನಿಮ್ಮಕ್ಕ ಅವ್ರಲ್ವಾ, ಅಲ್ಲಿರ್ಲಿ ಮಗು ಸ್ವಲ್ಪ ದಿನ. ಆದ್ರೆ ಒಂದ್ ಯೋಳ್ತೀನಿ, ಅವಳ್ನ ಬೈಬ್ಯಾಡ. ಬೈದಿದ್ಯಂತೆ, ಫೋಟೋ ಯಾಕ್ ತೆಕ್ಕಂಡೆ, ಯಾರಿಗ್ ಕಳ್ಸಕೆ ತೆಕ್ಕಂಡೆ ಅಂತ. ಕೈ ಬೇರೆ ಎತ್ತಿದ್ಯಂತೆ. ತಪ್ಪು ಕಣಣ್ಣ! ಆ ಮಗು ಯಾರಿಗೂ ಕಳ್ಸಕೆ ತೆಕ್ಕಂಡಿದ್ದಲ್ಲ. ಶೋಕಿಗೂ ಅಲ್ಲ. ಪಾಪ... ಅವ್ವನ್ ನೆನೆಸ್ಕಂಡು ತೆಗ್ದಿರೋದು. ಭಾಬಿ ಮದ್ವೆ ಸೀರೆ ಅದ್ಯಲ್ಲ, ಆ ಕೆಂಪು ಜರಿದು, ಅದ್ನ ಉಟ್ಕಂಡು, ಉಡಾಕೂ ಸರ್ಯಾಗ್ ಬರಾಕಿಲ್ಲ ಮಗೀಗೆ, ನೆರಿಗೆ ಎಲ್ಲೆಲ್ಲೋ ಓಗವೆ... ಅವ್ವನ್ ಬಳೆ ತೊಟ್ಕಂಡು, ಬೀರು ಕನ್ನಡಿ ಮುಂದೆ ನಿಂತ್ಕಂಡು... ಭಾಬೀನೇ ನಿಂತಂಗಿತ್ತು ಕಣಣ್ಣ. ನನ್ ಕಣ್ಣಲ್ಲೂ ನೀರ್ ಬಂತು...

...ಮಿಷನ್ ಯಾಕ್ ನಿಲ್ಲಿಸ್ದೆ?

ದಾರ ಕಿತ್ತೋಯ್ತಾ?

ಏನು? ಏನಣ್ಣ?... ನಿಂಗೊತ್ತಿರ್ಲಿಲ್ವಾ? ಸೀರೆ ಉಟ್ಕಂಡಿದ್ದು... ಮಗು ಯೋಳ್ಲಿಲ್ವಾ ನಿಂಗೆ?

ಇಲ್ಲ, ನಾನು... ಗ್ರೂಪಲ್ಲೇ ನೋಡಿದ್ದು. ಗ್ರೂಪಲ್ಲಿ... ಹ್ಞಾ, ಅದ್ರಲ್ಲಿ ಮುಖ ಅಷ್ಟೇಯ, ಗೊತ್ತು. ಯಾರೋ ಅಂದ್ರು. ಯಾರೋ ಮಾತಾಡ್ಕತಿದ್ರು, ಬಸ್ ನಿಲ್ದಾಣದಲ್ಲಿ... ಕೆಂಪು ಸೀರೆ ಅಂತ. ಅಲ್ಲ, ನಾನೇ ಅಂದ್ಕಂಡೆ. ಅಂದಾಜು. ಅಂದಾಜಿಗೆ ಯೋಳ್ದೆ ಕಣಣ್ಣ! ಹೆಣ್‌ಮಕ್ಳು ಅಂಗೇ ಅಲ್ವಾ, ಅವ್ವನ್ ಸೀರೆ...

ಬೈಯಣ್ಣ. ಎರಡ್ ಬುಡು ಬೇಕಾದ್ರೆ ಕೆನ್ನೆಗೆ. ಹೊಸ ಡಿಸ್‌ಪ್ಲೇ ಹಾಕುದ್ರೆ ಬಣ್ಣ ಸರ್ಯಾಗ್ ಬತ್ತದಾ ಇಲ್ವಾ ಅಂತ ನೋಡ್ಬೇಕು, ಅದ್ಕೆ ಒಳ್ಗಿರೋ ಒಂದ್ ಫೋಟೋ ತೆಗ್ದು ನೋಡ್ಲೇಬೇಕು ಕಣಣ್ಣ, ಅದು ಕೆಲ್ಸ... ಮಗೂನೇ ಲಾಕ್ ನಂಬರ್ ಯೋಳಿ ಕೊಟ್ಟೋಗಿತ್ತು, ನಂಬ್ಕಂಡು... ಆ ಮಾತು ನಾ ಬರ್ದಿದ್ದಲ್ಲ! ಮಕ್ಳಾಣೆ, ಆ ಕೊಳಕ್ ಮಾತು ನಂದಲ್ಲ, ನಂಬರ್ ಹಾಕ್ದೋನೂ ನಾನಲ್ಲ, ನಾ ಕಳ್ಸಿದ್ದು ಒಬ್ನಿಗೇಯ, ಅವ್ನು...

ಯಾಕಣ್ಣ ಎದ್ದೆ? ಬಾಗ್ಲು ಯಾಕ್ ಎಳೀತೀಯ? ಖದೀರಣ್ಣ?

ಕೈ ಯಾಕ್ ಚಾಚ್ತೀಯ... ಏನ್ ಬೇಕು?

ನನ್ ಫೋನಾ?

ಇಲ್ಲ ಕಣಣ್ಣ. ಅದೆಂಗಾಯ್ತದೆ... ಒಬ್ರ ಫೋನ್ನ ಇನ್ನೊಬ್ರು ಅಂಗೆಲ್ಲ ನೋಡ್ಬಾರ್ದು ಕಣಣ್ಣ... ಅದ್ರಲ್ಲಿ ನನ್ ಹೆಂಡ್ತಿ ಮಕ್ಳ ಫೋಟೋ ಅವೆ...