ಉಣ್ಣೆ ಹಿಡಿದವಳ ಸ್ವೆಟರ್

ಒಂದೂರಲ್ಲಿ ಒಬ್ಬ ಸಿರಿವಂತ ತಾಯಿ ಇದ್ದಳು. ಹೆಸರು ಚೆನ್ನವೀರವ್ವ ಎಂದಿಟ್ಟುಕೊಳ್ಳಿ. ಯಾವುದಕ್ಕೂ ಕೊರತೆಯಿಲ್ಲದ ಮನೆ. ಆದರೂ ಆಕೆ ಕೈಕಟ್ಟಿ ಕೂತವಳಲ್ಲ, ವರ್ಷವಿಡೀ ಸ್ವೆಟರ್ ಹೆಣೆಯುತ್ತಿದ್ದಳು. ಮಗನಿಗೆ, ಹೆಣ್ಣುಮಕ್ಕಳಿಗೆ, ಅಳಿಯಂದಿರಿಗೆ, ಮೊಮ್ಮಕ್ಕಳಿಗೆ, ಕೊನೆಗೆ ಅಳಿಯನ ತಮ್ಮನಿಗೂ. ಅಂಗಡಿಯಲ್ಲಿ ಸಿಗುವುದಿಲ್ಲವೇ? ಸಿಗುತ್ತದೆ. ಆದರೆ ಹಿರಿಯ ಅಳಿಯನ ಹೊಟ್ಟೆಯ ಅಳತೆ ಅಂಗಡಿಯವನಿಗೆ ಗೊತ್ತೇ? ಚೆನ್ನವೀರವ್ವನಿಗೆ ಗೊತ್ತಿತ್ತು. ಪ್ರತಿ ವರ್ಷ ಎರಡು ಬೆರಳು ಹೆಚ್ಚಿಗೆ ಬಿಡುತ್ತಿದ್ದಳು.

ಪ್ರೀತಿಯಿಲ್ಲದೆ ಇದಾಗುತ್ತದೆಯೇ? ಆಗುವುದಿಲ್ಲ. ನೋಡಿ, ನಾನು ಆಕೆಯನ್ನು ಕೆಟ್ಟವಳು ಎನ್ನುತ್ತಿಲ್ಲ. ಕೆಟ್ಟವರ ಕಥೆ ಹೇಳಿದರೆ ನೀವು ಪಕ್ಕದಲ್ಲಿ ಕೂತವರ ಕಡೆ ನೋಡುತ್ತೀರಿ.

ಉಣ್ಣೆ ಲಡಿಯಾಗಿ, ಅಂದರೆ ಉದ್ದನೆಯ ಸುರುಳಿಯಾಗಿ ಬರುತ್ತದೆ. ಅದನ್ನು ಉಂಡೆ ಸುತ್ತಬೇಕಾದರೆ ಒಬ್ಬರು ಎರಡೂ ಕೈ ಮುಂದೆ ಚಾಚಿ ಲಡಿ ಹಿಡಿದು ಕೂರಬೇಕು. ಆ ಕೆಲಸ ಸೊಸೆ ದಾಕ್ಷಾಯಣಿಯದು. ಹನ್ನೊಂದು ವರ್ಷ ಹಿಡಿದಳು. ಅವಳಿಗೆ ಬಂದ ಸ್ವೆಟರ್ ಎಷ್ಟು? ಒಂದೂ ಇಲ್ಲ. ಅತ್ತೆಗೆ ಸಿಟ್ಟೇನೂ ಇರಲಿಲ್ಲ. ಮನೆಯಲ್ಲೇ ಇರುವವಳಿಗೆ ಉಡುಗೊರೆ ಕೊಡಬೇಕೆಂಬ ಯೋಚನೆ ಬಂದಿರಲಿಲ್ಲ, ಅಷ್ಟೇ.

ಪ್ರತಿ ದೀಪಾವಳಿಗೆ ಎಲ್ಲರೂ ಹೊಸ ಸ್ವೆಟರ್ ತೊಟ್ಟು ಒಂದು ಫೋಟೋ. ತೆಗೆಯುವವಳು ದಾಕ್ಷಾಯಣಿ. ಒಂದು ವರ್ಷ ಕಿರಿಯ ಅಳಿಯ ಸ್ಟುಡಿಯೋದವನನ್ನೇ ಕರೆಸಿದ. ಹಾಗಾಗಿ ಸೊಸೆಯೂ ಗಂಡನ ಹಳೆಯ ಶಾಲು ಹೊದ್ದು ತುದಿಯಲ್ಲಿ ನಿಂತಳು.

ಆ ಫೋಟೋಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಕೆಲವು ದಿನ ಕಳೆದು, ಒಂದು ಮಧ್ಯಾಹ್ನ, ದೂರದ ನೆಂಟಳೊಬ್ಬಳು ಮೊದಲ ಬಾರಿ ಮನೆಗೆ ಬಂದು ಆ ಫೋಟೋ ನೋಡಿದಳು.

"ಎಲ್ಲಾ ನೀವ ಹೆಣದೀರೇನ್ರಿ? ಭಾಳ ಛಂದ ಆಗ್ಯಾವು. ಈ ತುದಿಗೆ ನಿಂತಾಕಿ ಮನಿ ಕೆಲಸದಾಕೇನ್ರಿ?"

"ನನ್ನ ಸೊಸಿ," ಎಂದಳು ಚೆನ್ನವೀರವ್ವ.

ಅದೇ ಹೊತ್ತಿಗೆ ದಾಕ್ಷಾಯಣಿ ಚಹಾ ತಂದಳು. ಅವಳಿಗೆ ಕೇಳಿಸಿತ್ತು. ಸಕ್ಕರೆ ಸಾಕೇ ಎಂದು ನೆಂಟಳನ್ನು ವಿಚಾರಿಸಿದಳು.

ನೆಂಟಳು ಹೋದ ಮೇಲೆ ಚೆನ್ನವೀರವ್ವ ಫೋಟೋದ ಮುಂದೆ ನಿಂತಳು. ಆ ಹೆಂಗಸಿನ ಮೇಲೆ ಸಿಟ್ಟಾಗಲು ನೋಡಿದಳು. ಸಿಟ್ಟು ಬರಲಿಲ್ಲ. ನೆಂಟಳು ಫೋಟೋದಲ್ಲಿ ಕಂಡದ್ದನ್ನೇ ಕೇಳಿದ್ದಳು. ಅಳತೆಯ ಟೇಪು ಹಿಡಿದು ಅಡುಗೆಮನೆಗೆ ಹೋದಳು.

"ದಾಕ್ಷಾಯಣಿ, ಕೈ ಎತ್ತು."

ಸೊಸೆ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈಗಳನ್ನು ಮುಂದೆ ಚಾಚಿ ನಿಂತಳು. ಲಡಿ ಹಿಡಿಯುವ ಹಾಗೆ.

ಚೆನ್ನವೀರವ್ವ ಆ ಕೈಗಳನ್ನು ಹಿಡಿದು ಪಕ್ಕಕ್ಕೆ ಸರಿಸಿದಳು.

"ಹಂಗಲ್ಲವ್ವಾ. ಅಳತಿ ತಗೋಬೇಕು. ನಿಂದು. ಯಾವ ಬಣ್ಣ ಬೇಕು?"

ಯಾರೂ ಕೇಳದ ಪ್ರಶ್ನೆ. ದಾಕ್ಷಾಯಣಿ ಬಹಳ ಹೊತ್ತು ಯೋಚಿಸಿದಳು.

"ಉಳ್ಳಾಗಡ್ಡಿ ಸಿಪ್ಪಿ ಬಣ್ಣ," ಎಂದಳು. "ಮತ್ತ ಎರಡು ಕಿಸೆ ಇಡ್ರಿ."

"ಸ್ವೆಟರಿಗೆ ನಾ ಯಾರಿಗೂ ಕಿಸೆ ಇಟ್ಟಿಲ್ಲ."

"ಗೊತ್ತೈತ್ರಿ ಅತ್ತಿ. ಹನ್ನೊಂದು ವರ್ಷ ನೋಡೇನಿ."

ಆ ಈರುಳ್ಳಿ ಸಿಪ್ಪೆಯ ಬಣ್ಣ ಮೂರು ಅಂಗಡಿ ಅಲೆದ ಮೇಲೆ ಸಿಕ್ಕಿತು. ಈ ಸಲ ಲಡಿ ಹಿಡಿದವನು ಮಗ. ಕಾಲು ಗಂಟೆಗೇ ತೋಳು ನೋಯುತ್ತದೆ ಎಂದ. "ಇನ್ನೂ ಎಂಟು ಲಡಿ ಅದಾವು," ಎಂದಳು ತಾಯಿ.

ಸಂಕ್ರಾಂತಿಯ ದಿನ ಸೊಸೆ ಅದನ್ನು ತೊಟ್ಟಳು. ತೋಳು ಚೂರು ಉದ್ದವಾಗಿತ್ತು. ಯಾರೂ ಅಳಲಿಲ್ಲ, ಯಾರೂ ಯಾರ ಕಾಲಿಗೂ ಬೀಳಲಿಲ್ಲ. ದಾಕ್ಷಾಯಣಿ ತೋಳು ಮಡಚಿ, ಕಿಸೆಯಲ್ಲಿ ಕೈಯಿಟ್ಟುಕೊಂಡು, ಹೊರಗೆ ಕಟ್ಟೆಯ ಮೇಲೆ ಬಿಸಿಲಿಗೆ ಕೂತಳು. ಅಂದಿನ ಚಹಾ ಅತ್ತೆ ಮಾಡಿದಳು.

ಈಗ ನಿಮ್ಮನ್ನು ಕೇಳುತ್ತೇನೆ. ದೂರದ ನೆಂಟರಿಗೆ ಯಾವ ಸಿಹಿ ಸೇರುತ್ತದೆ ಎಂಬುದು ನಿಮಗೆ ಗೊತ್ತು. ದಿನಾ ನಿಮ್ಮ ತಟ್ಟೆ ತೊಳೆಯುವವರಿಗೆ ಯಾವುದು ಇಷ್ಟ? ಗೊತ್ತೇ? ತಲೆ ತಗ್ಗಿಸಬೇಡಿ, ಅದರಿಂದ ಏನೂ ಆಗುವುದಿಲ್ಲ. ಇಂದು ಮನೆಗೆ ಹೋಗಿ ಕೇಳಿ. ನಿಮಗೆ ತೋಚಿದ್ದನ್ನು ತಂದುಕೊಡಬೇಡಿ, ಅವರು ಹೇಳಿದ್ದನ್ನು ಮಾಡಿಕೊಡಿ. ಕಿಸೆ ಬೇಕೆಂದರೆ ಕಿಸೆ ಇಡಿ. ಅವರು ದಿನವೂ ಮಾಡುವ ಕೆಲಸದಲ್ಲಿ ಒಂದನ್ನು ನೀವು ಮಾಡಿ, ತೋಳು ನೋಯುವವರೆಗೆ. ಮತ್ತು ಊಟಕ್ಕೆ ಕೂತಾಗ, ಬಡಿಸುವವರ ಊಟ ಆಯಿತೇ ಎಂದು ವಿಚಾರಿಸಿ. ವಿಚಾರಿಸಿದ ಮೇಲೆ, ಉತ್ತರ ಬರುವವರೆಗೆ ತುತ್ತು ಎತ್ತಬೇಡಿ.